ಫೋಟೋಗೆ ತಕ್ಕ ಮುಖ

ವರ್ಜೀನಿಯಾದ ಹರ್ನ್‌ಡನ್ನಿನಲ್ಲಿ ನಮ್ಮ ಮನೆಯಿಂದ ನಾಲ್ಕು ಮನೆ ಆಚೆಗೆ ತ್ಯಾಗರಾಜರ ಮನೆ. ಶನಿವಾರ ಬೆಳಿಗ್ಗೆ ಅಲ್ಲಿಗೆ ಹೋದರೆ ಎಲ್ಲ ಮನೆಗಳಲ್ಲೂ ಕಾಣುವ ನೋಟವೇ ಕಾಣುತ್ತದೆ. ತ್ಯಾಗರಾಜರು ಗರಾಜಿನಲ್ಲಿ ಕೂತು ಯಾವುದೋ ಕೆಟ್ಟ ಸಾಮಾನನ್ನು ಬಿಚ್ಚುತ್ತಿರುತ್ತಾರೆ. ಅವರ ಹೆಂಡತಿ ವರಲಕ್ಷ್ಮಿ ವಾರಕ್ಕಾಗುವಷ್ಟು ದೋಸೆ ಹಿಟ್ಟು ರುಬ್ಬಿ, ಡಬ್ಬಿಗಳಿಗೆ ತುಂಬಿ, ಒಂದೊಂದರ ಮೇಲೂ ತಾರೀಖು ಬರೆದು ಅಂಟಿಸುತ್ತಿರುತ್ತಾರೆ. ಮಗಳು ನಿಧಿ ವಾರವಿಡೀ ಮೆಟ್ರೋದಲ್ಲಿ ವಾಷಿಂಗ್ಟನ್ನಿಗೆ ಓಡಾಡಿದ ಆಯಾಸಕ್ಕೆ ಹತ್ತು ಗಂಟೆಯಾದರೂ ಎದ್ದಿರುವುದಿಲ್ಲ. ಒಬ್ಬಳೇ ಮಗಳು. ಐದು ವರ್ಷದವಳಿದ್ದಾಗ ಮೈಸೂರಿನಿಂದ ಬಂದವಳಿಗೆ ನಾನು ಹೇಳುವ ಕಾಲಕ್ಕೆ ಇಪ್ಪತ್ತೊಂಬತ್ತು.

ಒಂದು ವಿಷಯ ಮಾತ್ರ ಆ ಮನೆಯಲ್ಲಿ ಬೇರೆಯಾಗಿತ್ತು. ಬಿಸಿಲಿನ ಭಯ. ವರಲಕ್ಷ್ಮಿ ಕಾರು ಓಡಿಸುವಾಗ ಮೊಣಕೈವರೆಗೆ ಹತ್ತಿಯ ಗ್ಲೌಸ್ ಹಾಕಿಕೊಳ್ಳುತ್ತಿದ್ದರು. ನಿಧಿ ಚಿಕ್ಕವಳಿದ್ದಾಗ, ಬೇಸಿಗೆಯ ಮಧ್ಯಾಹ್ನ ಸುತ್ತಲಿನ ಮಕ್ಕಳೆಲ್ಲ ಈಜುಕೊಳದಲ್ಲಿದ್ದರೆ ಅವಳಿಗೆ ಸಂಜೆ ಆರರ ಮೇಲೆ ಮಾತ್ರ ಅಪ್ಪಣೆ. ಆ ಹೊತ್ತಿಗೆ ಉಳಿದವರು ಟವೆಲ್ ಸುತ್ತಿಕೊಂಡು ಹೊರಡುತ್ತಿದ್ದರು. ಅವಳೊಬ್ಬಳೇ ಅಷ್ಟು ದೊಡ್ಡ ನೀರಿನಲ್ಲಿ ಆ ತುದಿಯಿಂದ ಈ ತುದಿಗೆ ಈಜುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ತಾಯಿಯ ಅಕ್ಕರೆ ಎಂದುಕೊಂಡು ನಕ್ಕಿದ್ದೇನೆ.

ನನ್ನ ಹೆಸರು ಶೈಲಜಾ. ಮನೆಯ ಬೇಸ್‌ಮೆಂಟಿನಲ್ಲಿ ಫೋಟೋ ಸ್ಟುಡಿಯೋ ನಡೆಸುತ್ತೇನೆ. ಆಫೀಸಿಗೆ ಬೇಕಾದ ಫೋಟೋ, ಓದು ಮುಗಿಸಿದ ಮಕ್ಕಳ ಗೌನಿನ ಫೋಟೋ, ಸೀಮಂತ, ನಾಮಕರಣ, ಇವುಗಳ ಜೊತೆಗೆ ಮದುವೆಯ ಬಯೋಡೇಟಾಕ್ಕೆ ಹಾಕುವ ಫೋಟೋ. 2023ರ ಏಪ್ರಿಲಿನಲ್ಲಿ ನಿಧಿ ಒಂದೇ ದಿನ ಎರಡು ಫೋಟೋ ತೆಗೆಸಿಕೊಳ್ಳಲು ಬಂದಳು. ಆಫೀಸಿನಲ್ಲಿ ಬಡ್ತಿ ಸಿಕ್ಕಿತ್ತು, ಅದಕ್ಕೆ ಬೂದು ಬ್ಲೇಜರಿನಲ್ಲಿ ಒಂದು. ಆಮೇಲೆ ಹಸಿರು ಮೈಸೂರು ಸಿಲ್ಕ್ ಉಟ್ಟು ಬಂದು ಅದೇ ಸ್ಟೂಲಿನ ಮೇಲೆ, ಅದೇ ಬೆಳಕಿನಲ್ಲಿ ಇನ್ನೊಂದು. ಅದು ಅವಳ ಐದನೆಯ ಬಯೋಡೇಟಾ ಫೋಟೋ. ಇದೇ ಕೊನೆಯದಾಗಲಿ ಎಂದು ಹರಸಿ ಆಂಟಿ ಎಂದು ತಮಾಷೆ ಮಾಡಿದಳು.

ನಿಧಿಯದು ಎಣ್ಣೆಗಪ್ಪು ಬಣ್ಣ. ಅಂಥ ಚರ್ಮದ ಮೇಲೆ ಪಕ್ಕದಿಂದ ಬೆಳಕು ಬಿಟ್ಟರೆ ಕೆನ್ನೆಯ ಮೂಳೆ, ಹುಬ್ಬಿನ ಅಂಚು ತಾವಾಗಿಯೇ ಎದ್ದು ಬರುತ್ತವೆ. ಎರಡೂ ಚೆನ್ನಾಗಿ ಬಂದಿದ್ದವು. ಅವಳು ತನಗೆ ಬೇಕಾದ್ದನ್ನು ಆರಿಸಿಕೊಟ್ಟು ಹೋದಳು. ಅರ್ಧ ಗಂಟೆಯಲ್ಲಿ ವರಲಕ್ಷ್ಮಿಯವರ ಫೋನ್ ಬಂತು.

“ಸೀರೆದು ಸ್ವಲ್ಪ ಬೆಳ್ಳಗೆ ಮಾಡಿಕೊಡಿ ಶೈಲಜಾ. ಜಾಸ್ತಿ ಬೇಡ, ಎರಡೇ ಶೇಡ್. ನಿಧಿಗೆ ಹೇಳ್ಬೇಡಿ, ಅವಳಿಗೆ ಇದೆಲ್ಲಾ ಅರ್ಥ ಆಗಲ್ಲ.”

“ಆಫೀಸಿಂದು?” ಎಂದೆ.

“ಅದು ಹೇಗಿದ್ರೇನು? ಅದನ್ನ ನೋಡಿ ಯಾರು ಮದುವೆ ಆಗ್ತಾರೆ?”

ಆಫೀಸಿನ ಫೋಟೋಗಳಲ್ಲಿ ನಾನು ಯಾರ ಬಣ್ಣವನ್ನೂ ಬದಲಿಸುವುದಿಲ್ಲ. ಫೋಟೋ ನೋಡಿದವರು ನಾಳೆ ಎದುರಿಗೆ ಬಂದಾಗ ಗುರುತು ಹಿಡಿಯಬೇಕು, ಇಲ್ಲದಿದ್ದರೆ ಆ ಫೋಟೋ ಸುಳ್ಳು ಎಂದು ಗಿರಾಕಿಗಳಿಗೆ ನಾನೇ ಪಾಠ ಹೇಳಿದ್ದುಂಟು. ನಮ್ಮವರ ಹೆಣ್ಣುಮಕ್ಕಳ ಬಯೋಡೇಟಾ ಫೋಟೋಗೆ ಮಾತ್ರ ಬೇರೆ ನ್ಯಾಯ. ಎಷ್ಟು ತಾಯಂದಿರು ಇದೇ ಮಾತು ಕೇಳಿದ್ದರೆಂದರೆ, ಪ್ರತಿಸಲ ಮೊದಲಿನಿಂದ ಮಾಡುವ ಶ್ರಮ ಬೇಡವೆಂದು ನನ್ನ ಕಂಪ್ಯೂಟರಿನಲ್ಲಿ ಒಂದು ಸೆಟ್ಟಿಂಗ್ ಉಳಿಸಿಟ್ಟುಕೊಂಡಿದ್ದೆ. ಅದಕ್ಕೆ ‘ಮದುವೆ’ ಎಂದು ಹೆಸರು ಕೊಟ್ಟಿದ್ದೆ. ಒಂದು ಸಲ ಒತ್ತಿದರೆ ಸಾಕು, ಮುಖ ಬೆಳ್ಳಗಾಗುತ್ತಿತ್ತು. ಗಂಡುಮಕ್ಕಳ ಫೋಟೋಗೆ ಅದನ್ನು ಒತ್ತಿದ ನೆನಪು ನನಗಿಲ್ಲ.

ಒತ್ತಿದೆ. ಕಳಿಸಿದೆ. ತ್ಯಾಗರಾಜರು ಬಯೋಡೇಟಾದಲ್ಲಿ ಮೈಬಣ್ಣದ ಎದುರಿಗೆ ಮೊದಲೇ ಹಗುರ ಮಾಡಿ ಬರೆದಿದ್ದ ‘ಎಣ್ಣೆಗೆಂಪು’ ಅಳಿಸಿ ‘ಗೋಧಿ ಬಣ್ಣ’ ಎಂದು ತಿದ್ದಿದರು. ಫೋಟೋ ಒಂದು, ಬರಹ ಒಂದು ಆಗಬಾರದು ಎಂದರಂತೆ. ಮೂವತ್ತು ವರ್ಷ ಸಾಫ್ಟ್‌ವೇರಿನಲ್ಲಿ ಬೇರೆಯವರ ತಪ್ಪು ಹುಡುಕುವ ಕೆಲಸ ಮಾಡಿದ ಮನುಷ್ಯ ಅವರು.

ಮೇ ತಿಂಗಳಲ್ಲಿ ಸೌತ್ ಕ್ಯಾರೊಲಿನಾದ ಫೋರ್ಟ್ ಮಿಲ್ಲಿನಿಂದ ಒಪ್ಪಿಗೆ ಬಂತು. ಹುಡುಗನ ಹೆಸರು ಶಶಾಂಕ್. ಶಾರ್ಲೆಟ್ಟಿನ ಬ್ಯಾಂಕೊಂದರಲ್ಲಿ ಕೆಲಸ, ತಂದೆತಾಯಿ ಜೊತೆಯಲ್ಲೇ ಇದ್ದರು. ನಿಧಿ ಅವನೊಡನೆ ಫೋನಿನಲ್ಲಿ ಮಾತಾಡತೊಡಗಿದಳು. ಮೊದಮೊದಲು ಮೆಟ್ರೋ ಇಳಿದು ಕಾರಿನವರೆಗೆ ನಡೆಯುವಷ್ಟು ಹೊತ್ತು, ಆಮೇಲೆ ಪಾರ್ಕಿಂಗಿನಲ್ಲಿ ಕಾರೊಳಗೇ ಕೂತು ಮುಕ್ಕಾಲು ಗಂಟೆ. ಅವಳಿಗೆ ಅವನು ಇಷ್ಟವಾಗಿದ್ದ. ಇದನ್ನು ಒತ್ತಿ ಹೇಳುತ್ತೇನೆ. ಅಷ್ಟು ಓದಿದ ಹುಡುಗಿ ಮುಂದಿನದಕ್ಕೆಲ್ಲ ಹೇಗೆ ಒಪ್ಪಿದಳು ಎಂದು ಈಗ ಕೇಳುವವರು ಬಹಳ ಜನ ಇದ್ದಾರೆ.

ಜೂನಿನಲ್ಲಿ ಎರಡೂ ಮನೆಯವರು ವಿಡಿಯೋದಲ್ಲಿ ಭೇಟಿಯಾದರು. ಅದಕ್ಕೆಂದು ವರಲಕ್ಷ್ಮಿ ನನ್ನ ಸ್ಟುಡಿಯೋದ ಒಂದು ಲೈಟು ಕೇಳಿದರು. ಕೊಟ್ಟೆ. ಲೈಟು ಎಷ್ಟು ಬೆಳಗಿದರೂ ಹುಡುಗನ ತಾಯಿ ಪರದೆಯ ಹತ್ತಿರ ಬಗ್ಗಿ ನೋಡಿ, ಫೋಟೋದಲ್ಲಿರುವುದು ಇವಳೇ ತಾನೇ, ಇಲ್ಲಿ ಡಲ್ ಕಾಣುತ್ತಾಳಲ್ಲ ಎಂದರಂತೆ. ವರಲಕ್ಷ್ಮಿ ಕ್ಯಾಮೆರಾದ ಮೇಲೆ ತಪ್ಪು ಹೊರಿಸಿದರು. ಸರಿ, ಸೆಪ್ಟೆಂಬರಿನ ಮೊದಲ ವಾರ ರಜಾ ಇದೆ, ಖುದ್ದು ಬಂದು ನೋಡುತ್ತೇವೆ ಎಂದು ಅವರು ಮಾತು ಮುಗಿಸಿದರು. ನಿಧಿ ಎದ್ದು ಹೋಗಿ ಕನ್ನಡಿಯ ಮುಂದೆ ನಿಂತಳು. ತನ್ನನ್ನು ಯಾವ ಫೋಟೋದ ಜೊತೆ ಹೋಲಿಸುತ್ತಿದ್ದಾರೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ.

ಅದೇ ತಿಂಗಳು ತ್ಯಾಗರಾಜರ ಅಕ್ಕ ವಸಂತಾ ಮೈಸೂರಿನಿಂದ ಬಂದರು. ಅವರ ಸೂಟ್‌ಕೇಸಿನಲ್ಲಿ ಚಟ್ನಿಪುಡಿಯ ಜೊತೆ ಎಂಟು ಪುಟ್ಟ ಬಿಳಿ ಡಬ್ಬಿಗಳಿದ್ದವು. ಮೇಲೆ ಹೆಸರಿಲ್ಲ, ಒಳಗೇನು ಹಾಕಿದ್ದಾರೆಂಬ ಬರಹವಿಲ್ಲ. ಗುರುತಿನ ಪಾರ್ಲರಿನವಳು ಮಾಡಿಕೊಟ್ಟದ್ದು, ಪೂರಾ ಗಿಡಮೂಲಿಕೆ, ಎರಡು ತಿಂಗಳಲ್ಲಿ ಮುಖದ ಬಣ್ಣ ತಿರುಗುತ್ತದೆ ಎಂದರು.

ನನ್ನ ಲೈಟು ವಾಪಸು ತರಲು ಹೋದಾಗ ನಿಧಿ ಅಡಿಗೆಮನೆಯ ಕುರ್ಚಿಯಲ್ಲಿ ತಲೆಯನ್ನು ಹಿಂದಕ್ಕೆ ಚೆಲ್ಲಿ ಕಣ್ಣು ಮುಚ್ಚಿ ಕೂತಿದ್ದಳು. ವರಲಕ್ಷ್ಮಿ ತಮ್ಮ ಬೆರಳುಗಳಿಂದಲೇ ಅವಳ ಮುಖಕ್ಕೆ ಕ್ರೀಮು ತಿಕ್ಕುತ್ತಿದ್ದರು. ಎಷ್ಟು ಮೃದುವಾಗಿ ಎಂದರೆ, ಹಸುಗೂಸಿಗೆ ಎಣ್ಣೆ ಹಚ್ಚುವವರೂ ಅಷ್ಟು ಜೋಪಾನ ಮಾಡಲಾರರು. ನಾನು ತಡೆತಡೆದು, ಡಬ್ಬಿಯ ಮೇಲೆ ಏನೂ ಬರೆದಿಲ್ಲವಲ್ಲ, ಒಮ್ಮೆ ಚರ್ಮದ ಡಾಕ್ಟರಿಗೆ ತೋರಿಸಬಾರದೇ ಎಂದೆ.

“ನಮ್ಮಮ್ಮನ ಅಡಿಗೆಮನೆ ಡಬ್ಬಿ ಮೇಲೆಲ್ಲ ಏನ್ ಬರ್ದಿತ್ತು? ತಿಂದು ಬದುಕಿಲ್ವಾ ನಾವು?” ಎಂದರು ವಸಂತಾ. “ಇವಳೊಬ್ಬಳು, ಹಿಟ್ಟಿನ ಡಬ್ಬಿಗೂ ತಾರೀಖು ಬರೀತಾಳೆ.”

“ಹುಡುಗಿ ಹೇಗಿದ್ದಾಳೋ ಹಾಗೇ ನೋಡಿ ಒಪ್ಪಲಿ ವಸಂತಮ್ಮ. ಹಾಗೆ ಒಪ್ಪದೆ ಇರೋರ ಮನೆಗೆ ಹೋಗಿ ಅವಳು ಬಾಳೋದಾದ್ರೂ ಹೇಗೆ?”

“ನಿನಗೆ ಹೆಣ್ಣುಮಕ್ಕಳಿದ್ದಾರೇನಮ್ಮಾ?”

ಇಲ್ಲ, ಇಬ್ಬರೂ ಗಂಡುಮಕ್ಕಳು ಎಂದೆ.

“ಹಾಗಾದ್ರೆ ಸುಮ್ನಿರು. ನನ್ನ ನೋಡೋಕೆ ಹನ್ನೊಂದು ಗಂಡುಗಳು ಬಂದಿದ್ರು. ಉಪ್ಪಿಟ್ಟು ತಿಂದು, ಕೈ ತೊಳ್ಕೊಂಡು ಹೋದ್ರು. ಹನ್ನೆರಡನೆಯವ್ರು ಒಪ್ಪಿದ್ರು. ಯಾಕೆ ಗೊತ್ತಾ? ಅವತ್ತು ಕರೆಂಟ್ ಇರ್ಲಿಲ್ಲ.”

ಎಲ್ಲರೂ ನಕ್ಕೆವು. ಕ್ರೀಮು ಮೆತ್ತಿದ ಮುಖದಲ್ಲೇ ನಿಧಿಯೂ ನಕ್ಕಳು. ಆದರೆ ವಸಂತಮ್ಮ ನಗಲಿಲ್ಲ. ಆ ಹನ್ನೊಂದು ತಟ್ಟೆಗಳನ್ನು ಅವರೇ ತೊಳೆದಿದ್ದಿರಬೇಕು.

ಬಾಗಿಲವರೆಗೆ ಬಿಡಲು ಬಂದ ವರಲಕ್ಷ್ಮಿ ದನಿ ತಗ್ಗಿಸಿದರು. “ಅವರು ಒಪ್ಪಿರೋದು ನನ್ನ ಮಗಳನ್ನಲ್ಲ ಶೈಲಜಾ, ನೀವು ಮಾಡಿಕೊಟ್ಟ ಫೋಟೋನ. ಈಗ ಅದಕ್ಕೆ ಹೊಂದಿಸ್ಬೇಕಲ್ಲ. ನಾನು ಮದುವೆಯಾಗಿ ಬಂದ ದಿನ ಇವರ ತಾಯಿ ಎಲ್ಲರ ಮುಂದೆ ನನ್ನ ಕೈ ಹಿಡ್ಕೊಂಡು ಮಗುಚಿ ಮಗುಚಿ ನೋಡಿದ್ರು, ಮುಂಗೈ, ಅಂಗೈ, ತರಕಾರಿ ನೋಡಿದ ಹಾಗೆ. ನನ್ನ ಮಗಳಿಗೆ ಹಾಗಾಗೋದು ಬೇಡ.”

ಇದಕ್ಕೆ ನನ್ನಲ್ಲಿ ಉತ್ತರವಿತ್ತು. ಆದರೆ ಅದನ್ನು ಹೇಳುವ ಯೋಗ್ಯತೆಯನ್ನು ಏಪ್ರಿಲಿನಲ್ಲೇ ಕಳೆದುಕೊಂಡಿದ್ದೆ. ಲೈಟು ಎತ್ತಿಕೊಂಡು ಮನೆಗೆ ಬಂದೆ.

ಸೆಪ್ಟೆಂಬರಿನಲ್ಲಿ ಫೋರ್ಟ್ ಮಿಲ್ಲಿನವರು ಏಳು ಗಂಟೆ ಡ್ರೈವ್ ಮಾಡಿಕೊಂಡು ಬಂದರು, ನೋಡಿದರು, ಒಪ್ಪಿದರು. ಮುಖದ ಬಣ್ಣ ನಿಜಕ್ಕೂ ತಿರುಗಿತ್ತು. ಅಕ್ಟೋಬರಿನಲ್ಲಿ ನಿಶ್ಚಿತಾರ್ಥ. ಮಾರನೆಯ ದಿನ ಹುಡುಗ ಹುಡುಗಿಯ ಫೋಟೋಗಳಿಗೆಂದು ನದಿ ದಂಡೆಯ ಪಾರ್ಕಿಗೆ ಕರೆದುಕೊಂಡು ಹೋದೆ. ಹತ್ತು ಹೆಜ್ಜೆಗೊಮ್ಮೆ ನಿಧಿ ಕೂರುತ್ತಿದ್ದಳು. ಶಶಾಂಕ್ ನೀರಿನ ಬಾಟಲಿ ಹಿಡಿದು ಪಕ್ಕದಲ್ಲೇ ನಿಲ್ಲುತ್ತಿದ್ದ, ಒಳ್ಳೆಯ ಹುಡುಗನ ಹಾಗೇ ಕಂಡ. ಬಂಡೆಯ ಮೇಲೆ ಕೂತು ಅವಳು ಚಪ್ಪಲಿ ಬಿಚ್ಚಿದಾಗ ಪಟ್ಟಿಯ ಗುರುತು ಪಾದದಲ್ಲಿ ಬೆರಳು ಹೂತುಹೋಗುವಷ್ಟು ಆಳವಾಗಿ ಉಳಿದಿತ್ತು. ಹೊಸ ಚಪ್ಪಲಿ ಆಂಟಿ ಎಂದಳು. ರೆಪ್ಪೆಗಳು ಊದಿದ್ದವು. ಮುಖ ಬಿಳುಪಾಗಿತ್ತು, ಗದ್ದದ ಕೆಳಗೆ ಕತ್ತಿನಲ್ಲಿ ಗೆರೆ ಎಳೆದ ಹಾಗೆ ಅವಳ ಹುಟ್ಟುಬಣ್ಣ ಶುರುವಾಗುತ್ತಿತ್ತು.

ನಾನು ಎಲ್ಲವನ್ನೂ ಗಮನಿಸುವವಳು. ಅವತ್ತೂ ಎಲ್ಲವನ್ನೂ ನೋಡಿದೆ. ಆದರೆ ನನಗೆ ಕಾಣಿಸಿದ್ದು ರೋಗವಲ್ಲ, ತಿದ್ದಬೇಕಾದ ಕೆಲಸ. ಮನೆಗೆ ಬಂದು ಎರಡು ದಿನ ಕೂತು ಅವಳ ಪಾದ ಸಣ್ಣ ಮಾಡಿದೆ, ರೆಪ್ಪೆಯ ಊತ ಇಳಿಸಿದೆ, ಕತ್ತಿನ ಗೆರೆಯನ್ನು ಮುಖದ ಬಣ್ಣಕ್ಕೆ ಬೆರೆಸಿ ಅಳಿಸಿದೆ. ಆಲ್ಬಮ್ ಬಹಳ ಚೆನ್ನಾಗಿದೆ ಎಂದು ಹುಡುಗನ ತಾಯಿ ಫೋನ್ ಮಾಡಿ ಹೊಗಳಿದರು.

ನವೆಂಬರಿನಲ್ಲಿ ನಿಧಿ ಆಫೀಸಿನ ಮೆಟ್ಟಿಲು ಹತ್ತಲಾರದೆ ಕುಸಿದು ಕೂತಳು. ಆಸ್ಪತ್ರೆಯಲ್ಲಿ ಪರೀಕ್ಷಿಸಿದರೆ ಎರಡೂ ಮೂತ್ರಪಿಂಡಗಳಿಂದ ಪ್ರೋಟೀನ್ ಸೋರಿಹೋಗುತ್ತಿತ್ತು. ಕಾರಣ ತಿಳಿಯಲಿಲ್ಲ. ಮೂರನೆಯ ದಿನ ಅವಳು ಅಲ್ಲಿಂದಲೇ ನನಗೆ ಫೋನ್ ಮಾಡಿದಳು.

“ಶೈಲಜಾ ಆಂಟಿ, ಊತ ಯಾವಾಗ ಸ್ಟಾರ್ಟ್ ಆಯ್ತು ಅಂತ ಡಾಕ್ಟರ್ ಕೇಳ್ತಿದ್ದಾರೆ. ನನಗೆ ಸಮ್ಮರ್ ಇಂದಾನೇ ಇತ್ತು ಅನ್ಸತ್ತೆ. ಆದ್ರೆ ಎಂಗೇಜ್‌ಮೆಂಟ್ ಫೋಟೋ ತೋರಿಸಿದೆ, ಅದ್ರಲ್ಲಿ ಕಾಲು ನಾರ್ಮಲ್ ಇದೆ. ಸೋ ಇದು ಈಗ ಬಂದಿದ್ದು ಅಂತ ಅವರು ಅಂದ್ಕೊಂಡಿದ್ದಾರೆ.”

ಆ ಫೋಟೋ ನಿಜವಲ್ಲ ನಿಧಿ, ನಾನು ತಿದ್ದಿದ್ದೇನೆ, ಈಗಲೇ ಬರುತ್ತೇನೆ ಎಂದೆ.

ಲ್ಯಾಪ್‌ಟಾಪಿನಲ್ಲಿ ಮೂಲ ಫೋಟೋಗಳನ್ನು ತೆರೆದು ಡಾಕ್ಟರ ಮುಂದಿಟ್ಟೆ. ಆಕೆ ಪಾದ ನೋಡಿದರು, ರೆಪ್ಪೆ ನೋಡಿದರು. ಆಮೇಲೆ ಕತ್ತಿನ ಗೆರೆಯನ್ನು ದೊಡ್ಡದು ಮಾಡಿಸಿ ಬಹಳ ಹೊತ್ತು ನೋಡಿ, ಮುಖಕ್ಕೆ ಏನು ಹಚ್ಚುತ್ತೀರಿ ಎಂದು ಕೇಳಿದರು. ಮೂಲೆಯಲ್ಲಿ ಕೂತಿದ್ದ ವರಲಕ್ಷ್ಮಿ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಡಬ್ಬಿಯಲ್ಲಿದ್ದದ್ದು ಪಾದರಸ. ಗಿಡಮೂಲಿಕೆಯ ವಾಸನೆ ಬರಲೆಂದು ಮೇಲಿಷ್ಟು ಸುಗಂಧ. ಅದು ಚರ್ಮದ ಮೂಲಕ ಒಳಗಿಳಿದು ಮೂತ್ರಪಿಂಡ ಸೇರುತ್ತದೆ. ಕೌಂಟಿಯ ಆರೋಗ್ಯ ಇಲಾಖೆಯವರು ಮನೆಗೆ ಬಂದು ಒಂದು ಯಂತ್ರ ಹಿಡಿದು ದಿಂಬು, ಟವೆಲ್, ಸೋಫಾ ಎಲ್ಲವನ್ನೂ ಪರೀಕ್ಷಿಸಿ, ಎಷ್ಟೋ ಬಟ್ಟೆಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಕಟ್ಟಿ ಒಯ್ದರು. ಮನೆಯವರೆಲ್ಲರ ಪರೀಕ್ಷೆಯೂ ಆಯಿತು. ನಿಧಿಯನ್ನು ಬಿಟ್ಟರೆ ಅತಿ ಹೆಚ್ಚು ಪಾದರಸ ಸಿಕ್ಕಿದ್ದು ವರಲಕ್ಷ್ಮಿಯವರ ಮೈಯಲ್ಲಿ. ದಿನಕ್ಕೆರಡು ಸಲ ಬೆರಳುಗಳಿಂದ ತಿಕ್ಕಿದವರು ಅವರೇ ಅಲ್ಲವೇ.

ನಾನು ಮೂಲ ಫೋಟೋ ತೋರಿಸಿದ ದಿನ ನಿಧಿ ಕೇಳಿದ್ದು ಒಂದೇ ಪ್ರಶ್ನೆ, ಇನ್ನು ಏನೇನು ತಿದ್ದಿದ್ದೀರಿ ಎಂದು. ಏಪ್ರಿಲಿನ ಫೋಟೋ ತೆರೆದು ತೋರಿಸಿದೆ. ಮೊದಲು ಅವಳು ಆರಿಸಿಕೊಟ್ಟದ್ದು, ಆಮೇಲೆ ಫೋರ್ಟ್ ಮಿಲ್ಲಿಗೆ ಹೋದದ್ದು. ಕೈಗೆ ಚುಚ್ಚಿದ್ದ ಸೂಜಿಯನ್ನು ಅಲುಗಿಸದೆ ಅವಳು ಮುಂದಕ್ಕೆ ಬಾಗಿ ನೋಡಿದಳು.

“ಅಂದ್ರೆ ಶಶಾಂಕ್ ಯೆಸ್ ಹೇಳಿದ್ದು ಇವಳಿಗೆ,” ಎಂದಳು. “ನಾನು ಐದು ತಿಂಗಳು ಇವಳ ಹಾಗೆ ಆಗೋಕೆ ಟ್ರೈ ಮಾಡ್ತಿದ್ದೆ. ಯಾರೂ ನನಗೆ ಹೇಳಲೇ ಇಲ್ಲ.”

ಅದಾದ ಮೇಲೆ ಎರಡು ತಿಂಗಳು ಅವಳು ನನ್ನ ಜೊತೆ ಮಾತಾಡಲಿಲ್ಲ. ಅದು ನ್ಯಾಯವೇ.

ಹುಡುಗನ ಕಡೆಯವರು ಡಿಸೆಂಬರಿನಲ್ಲಿ ಸಂಬಂಧ ಮುರಿದರು. ಕಾಯಿಲೆ ಮುಚ್ಚಿಟ್ಟು ಮದುವೆ ಮಾಡಲು ಹೊರಟಿದ್ದಿರಿ ಎಂದು ತ್ಯಾಗರಾಜರನ್ನು ಫೋನಿನಲ್ಲಿ ಬೈದರು. ಶಶಾಂಕ್ ಒಂದು ಮೆಸೇಜು ಕಳಿಸಿದ, ಮನೆಯಲ್ಲಿ ಒಪ್ಪುತ್ತಿಲ್ಲ, ಆರೋಗ್ಯ ನೋಡಿಕೋ ಎಂದು. ವಸಂತಾ ಮೈಸೂರಿಗೆ ಹೊರಟು ನಿಂತಾಗಲೂ, ಊರಲ್ಲಿ ಎಷ್ಟು ಜನ ಹಚ್ಚಿಕೊಳ್ಳುತ್ತಾರೆ, ಅವರಿಗೆಲ್ಲ ಏನೂ ಆಗಿಲ್ಲ, ಇವಳ ಮೈ ಅಮೆರಿಕದ ಮೈ, ತಡೆಯಲಿಲ್ಲ ಎಂದೇ ಹೇಳಿದರು. ಊರಲ್ಲಿ ಎಷ್ಟು ಜನರ ಮೂತ್ರವನ್ನು ಪರೀಕ್ಷಿಸಿದ್ದಾರೆ ಎಂದು ನಾನು ಕೇಳಿದೆ. ಅವರು ಚೀಲದ ಜಿಪ್ ಎಳೆದುಕೊಂಡರು.

ಇದನ್ನು ಓದುತ್ತಿರುವ ತಾಯಂದಿರಲ್ಲಿ ಒಂದು ಮಾತು. ಈ ಮನೆಯಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಮಗಳು ಎರಡು ಹೊತ್ತು ಉಂಡಳೇ ಎಂದು ವಿಚಾರಿಸುವ ತಂದೆ, ಅವಳಿಗಾಗಿ ಏಳು ಸಮುದ್ರ ದಾಟಿ ಡಬ್ಬಿ ಹೊತ್ತು ತಂದ ಅತ್ತೆ, ತನ್ನ ಬೆರಳುಗಳಿಂದ ಹಚ್ಚಿದ ತಾಯಿ, ನಾಲ್ಕು ಮನೆ ಆಚೆಯ ನಾನು. ನಾವೆಲ್ಲ ಸೇರಿ ಇಷ್ಟು ಮಾಡಿದೆವು.

ಫೆಬ್ರವರಿಯಲ್ಲಿ ವರಲಕ್ಷ್ಮಿ ನನಗೆ ಫೋನ್ ಮಾಡಿದರು. ಇನ್ನೊಂದು ಕಡೆಯಿಂದ ಬಯೋಡೇಟಾ ಕೇಳಿದ್ದಾರೆ, ಸ್ಟೀರಾಯ್ಡ್ ಮಾತ್ರೆಗೆ ನಿಧಿಯ ಮುಖ ಗುಂಡಗೆ ಊದಿದೆ, ನಿಶ್ಚಿತಾರ್ಥದ ಆಲ್ಬಮ್ಮಿನ ಮುಖವನ್ನೇ ಬೇರೆ ಸೀರೆಗೆ ಕೂಡಿಸಿ ಕೊಡಬಹುದಲ್ಲ ಎಂದರು. ಆಗುವುದಿಲ್ಲ ಎಂದೆ. ನಿಧಿಯನ್ನು ಕರೆದುಕೊಂಡು ಬನ್ನಿ, ಅವಳೆದುರೇ ಕೇಳಿ ಎಂದೆ.

ಬರಲಾರಳು ಎಂದುಕೊಂಡಿದ್ದೆ. ಬಂದಳು. ನನ್ನ ಕಡೆ ನೋಡದೆ ನೇರವಾಗಿ ಬೇಸ್‌ಮೆಂಟಿಗೆ ಇಳಿದು ಸ್ಟೂಲಿನ ಮೇಲೆ ಕೂತು ಜಾಕೆಟ್ ತೆಗೆದಳು. ಒಳಗೆ ಮನೆಯಲ್ಲಿ ಹಾಕುವ ಟೀಶರ್ಟು. ಮುಖ ಕೆನ್ನೆಯೆಲ್ಲ ತುಂಬಿ ಕಣ್ಣು ಸಣ್ಣಗಾಗಿತ್ತು. ಅಲ್ಲಲ್ಲಿ ಹಳೆಯ ಬಣ್ಣ ತೇಪೆ ಹಾಕಿದಂತೆ ಮರಳಿ ಬರುತ್ತಿತ್ತು.

“ಹೀಗೇ ತೆಗೀರಿ ಆಂಟಿ. ಏನೂ ತಿದ್ದಬಾರದು.”

“ಹೀಗೆ ಕಳಿಸಿದ್ರೆ ಯಾರೂ ತಿರುಗಿ ನೋಡಲ್ಲ ಕಣೇ,” ಎಂದರು ಮೆಟ್ಟಿಲ ಮೇಲೆ ನಿಂತಿದ್ದ ವರಲಕ್ಷ್ಮಿ.

“ಇದು ಮದುವೆಗಲ್ಲ ಅಮ್ಮ. ವಧೂವರರ ಗ್ರೂಪಿಗೆ ಹಾಕ್ತೀನಿ. ಏಪ್ರಿಲ್ ಫೋಟೋ, ನೀನು ಕಳಿಸಿದ ಫೋಟೋ, ಇದು. ಮೂರೂ. ಆ ಕ್ರೀಮ್‌ನ ಲ್ಯಾಬ್ ರಿಪೋರ್ಟ್ ಕೂಡ.”

ಆ ವಾಟ್ಸಾಪ್ ಗ್ರೂಪಿನಲ್ಲಿ ಇಲ್ಲಿಂದ ಅಟ್ಲಾಂಟಾವರೆಗಿನ ನಾನೂರು ಕನ್ನಡದ ಮನೆಗಳಿವೆ. ವರಲಕ್ಷ್ಮಿ ಮೆಟ್ಟಿಲ ಮೇಲೆಯೇ ಕೂತುಬಿಟ್ಟರು. ಮಾನ ಹೋಗುತ್ತದೆ ಎಂದರು, ಅಪ್ಪನಿಗೆ ತಲೆಯೆತ್ತಿ ಓಡಾಡಲಾಗುವುದಿಲ್ಲ ಎಂದರು. ಕೊನೆಗೆ ಬಹಳ ಸಣ್ಣ ದನಿಯಲ್ಲಿ ಕೇಳಿದರು, “ನಿನಗೆ ಕೆಟ್ಟದಾಗ್ಲಿ ಅಂತ ಮಾಡಿದ್ನಾ ನಾನು?”

“ಇಲ್ಲ ಅಮ್ಮ. ಒಳ್ಳೇದಾಗ್ಲಿ ಅಂತಾನೇ ಮಾಡಿದ್ದು. ಎಲ್ಲಾರ ಅಮ್ಮಂದಿರೂ ಹಾಗೇ ಮಾಡ್ತಿದ್ದಾರೆ. ನನಗೆ ಅದೇ ಭಯ.”

ಫೋಟೋ ತೆಗೆದೆ. ಅವಳು ಹೇಳಿದ್ದನ್ನು ನಾನು ಕನ್ನಡದಲ್ಲಿ ಬರೆದುಕೊಟ್ಟೆ. ಕೊನೆಯಲ್ಲಿ ನನ್ನ ಹೆಸರು ಹಾಕಿ, ಫೋಟೋ ಬೆಳ್ಳಗೆ ಮಾಡಿದವಳು ನಾನೇ, ಇನ್ನು ಯಾರಿಗೂ ಮಾಡಿಕೊಡುವುದಿಲ್ಲ ಎಂದು ಸೇರಿಸಿದೆ. ‘ಮದುವೆ’ ಸೆಟ್ಟಿಂಗನ್ನು ಅವಳ ಎದುರಿಗೇ ಅಳಿಸಿದೆ. ಅವಳು ಥ್ಯಾಂಕ್ಸ್ ಹೇಳಲಿಲ್ಲ, ನಾನು ನಿರೀಕ್ಷಿಸಿಯೂ ಇರಲಿಲ್ಲ.

ಒಂದು ಗಂಟೆಯ ಮೇಲೆ ಗ್ರೂಪಿನಲ್ಲಿ ಕೈಮುಗಿದ ಚಿತ್ರಗಳು ಬಂದವು. ಇದನ್ನೆಲ್ಲ ಇಲ್ಲಿ ಹಾಕುವುದು ಸರಿಯಲ್ಲ ಎಂದು ಇಬ್ಬರು ಬರೆದರು. ನಾವು ಮೂವರೂ ನಮ್ಮ ಅಡಿಗೆಮನೆಯಲ್ಲಿ ಕೂತಿದ್ದೆವು, ಮುಂದಿಟ್ಟ ಕಾಫಿಯನ್ನು ಯಾರೂ ಮುಟ್ಟಿರಲಿಲ್ಲ. ಆಗ ಹತ್ತಿರದ ಆಶ್‌ಬರ್ನಿನ ಒಬ್ಬ ಮಹಿಳೆ ಗ್ರೂಪಿನಲ್ಲಿ ಬರೆಯದೆ ನಿಧಿಯ ಫೋನಿಗೇ ಬರೆದರು. ನಿಧಿಗೆ ಕನ್ನಡ ಓದುವುದು ಕಷ್ಟ. ನಾನೇ ಓದಿದೆ.

“ತುಂಬಾ ಬೇಜಾರಾಯ್ತು ಪುಟ್ಟಿ, ಬೇಗ ಹುಷಾರಾಗು. ಒಂದು ಕೇಳ್ತೀನಿ, ತಪ್ಪು ತಿಳ್ಕೋಬೇಡ. ಆ ಕ್ರೀಮು ಎಷ್ಟು ದಿನಕ್ಕೆ ಕೆಲಸ ಮಾಡ್ತು? ಒಂದೇ ತಿಂಗಳು ಹಚ್ಚಿ ನಿಲ್ಲಿಸಿದ್ರೆ ಏನೂ ಆಗಲ್ಲ ಅಲ್ವಾ?”

ನಿಧಿ ಫೋನ್ ತೆಗೆದುಕೊಂಡು ಅದರೊಳಕ್ಕೆ ಮಾತಾಡಿ ಕಳಿಸಿದಳು. “ಆಂಟಿ, ನಿಮ್ಮ ಮಗಳ ನಂಬರ್ ಕೊಡಿ. ನಾನು ಅವಳ ಹತ್ರ ಮಾತಾಡ್ಬೇಕು.”

ಕೇಳಿದ್ದಾರೆಂಬ ಗುರುತು ಬಂತು. ಉತ್ತರ ಬರಲಿಲ್ಲ. ನಾನು ಆಕೆಯ ಹೆಸರನ್ನು ಮತ್ತೊಮ್ಮೆ ನೋಡಿ, ಎದ್ದು ಹೋಗಿ ನನ್ನ ಡೈರಿ ತೆರೆದೆ. ಆಕೆಯ ಮಗಳು ರಚನಾ, ಇಪ್ಪತ್ತಮೂರು ವರ್ಷದ ಹುಡುಗಿ. ಬಯೋಡೇಟಾ ಫೋಟೋಗೆಂದು ತಾಯಿಯೇ ಹದಿನೈದು ದಿನದ ಹಿಂದೆ ಸಮಯ ಗೊತ್ತು ಮಾಡಿದ್ದರು. ಇದೇ ಶನಿವಾರ, ತಾಯಿ ಮಗಳು ಇಬ್ಬರೂ ಬರುವವರಿದ್ದಾರೆ ಎಂದೆ.

ನಿಧಿ ತಾನೂ ಬರುತ್ತೇನೆ ಎಂದಳು. ಅಷ್ಟು ಹೊತ್ತೂ ತಮ್ಮ ಬೆರಳುಗಳನ್ನೇ ನೋಡುತ್ತ ಕೂತಿದ್ದ ವರಲಕ್ಷ್ಮಿ ತಲೆಯೆತ್ತಿದರು.

“ಆ ತಾಯಿ ಹತ್ರ ನಾನು ಮಾತಾಡ್ತೀನಿ,” ಎಂದರು. “ಎಷ್ಟು ಗಂಟೆಗೆ?”

ಹನ್ನೊಂದಕ್ಕೆ ಎಂದೆ.